ಒತ್ತಿದ ಗುರುತು

ತಂತಿಯ ಜಾಯಿಂಟಿನ ಮೇಲೆ ಕರಿ ಪ್ಲಾಸ್ಟಿಕ್ ಸ್ಲೀವನ್ನು ಜಾರಿಸಿದ್ದು ನೆನಪಿತ್ತು. ಅದಕ್ಕೆ ಬಿಸಿಗಾಳಿ ಹಿಡಿದದ್ದು, ಅದು ಸುಟ್ಟ ಬದನೆಯ ಸಿಪ್ಪೆಯಂತೆ ಮಿರುಗುತ್ತ ತಂತಿಯ ಮೇಲೆ ಬಿಗಿದುಕೊಂಡದ್ದು, ಎರಡೂ ತುದಿಯಿಂದ ಅಂಟು ಸಣ್ಣಗೆ ಒಸರಿದ್ದು ಎಲ್ಲ ವಿದ್ಯಾವತಿಗೆ ಕಣ್ಣೆದುರು ಇದ್ದಂತೆ ನೆನಪಿತ್ತು. ಅದಕ್ಕೂ ಮುಂಚೆ ತಂತಿಯ ಎರಡು ತುದಿಗಳನ್ನು ಸುಲಿದು ಬೆರಳುದ್ದದ ತಾಮ್ರದ ಕೊಳವೆಯೊಳಗೆ ಆ ಕಡೆಯಿಂದೊಂದು ಈ ಕಡೆಯಿಂದೊಂದು ತೂರಿಸಿದ್ದೂ ನೆನಪಿತ್ತು. ನಡುವಿನದು ಮಾತ್ರ ಇರಲಿಲ್ಲ. ಕ್ರಿಂಪರು ಎಂಬ ಇಕ್ಕಳದ ಬಾಯಿಗೆ ಕೊಳವೆಯನ್ನು ಕೊಟ್ಟು, ತಂತಿ ಕಚ್ಚುವಂತೆ ಒತ್ತಿದ್ದು. ಒತ್ತಿರಲೇಬೇಕು. ಒತ್ತದೆ ಯಾರಾದರೂ ಸ್ಲೀವು ಎಳೆಯುತ್ತಾರೆಯೇ? ಹೊಸಿಲು ದಾಟದೆ ಯಾರಾದರೂ ಮನೆಯ ಹೊರಗೆ ಬಂದಿರುತ್ತಾರೆಯೇ? ಆದರೆ ಹೊಸಿಲು ದಾಟಿದ್ದು ಯಾರಿಗೆ ನೆನಪಿರುತ್ತದೆ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ, ಹುಡಗಿ ಎಂಬ ಊರಿನ ತನ್ನ ಮನೆಯ ಪಡಸಾಲೆಯಲ್ಲಿ, ಕೈಯಲ್ಲಿ ಫೋನು ಹಿಡಿದು, ಕರೆ ಮುಗಿದ ಮೇಲೂ ಅವಳು ನಿಂತೇ ಇದ್ದಳು.

ಕರೆ ಮಾಡಿದ್ದು ಬಸವಕಲ್ಯಾಣದ ಪಾರ್ವತಿಬಾಯಿ. ಹೋದ ತಿಂಗಳು ಅವರ ಮನೆಯ ಮೇಲೆ ಸೋಲಾರ್ ಪ್ಲೇಟು ಕೂರಿಸಿ ಬಂದದ್ದು. ದನಿಯಲ್ಲಿ ಸಡಗರವಿತ್ತು, ಹಿಂದೆ ಪಾತ್ರೆಗಳ ಸದ್ದಿತ್ತು. "ನಾನ್ರೀ, ಕಲ್ಯಾಣದಿಂದ ಪಾರ್ವತಿಬಾಯಿ. ಇವತ್ತ ನಮ್ಮ ಬಸರಿ ಸೊಸಿ ಕುಬಸ ಅದ. ಮಂದಿ ಬಂದಾರ, ಮನ್ಯಾಗ ಕಾಲಿಡಾಕ ಜಾಗಾ ಇಲ್ಲ. ಗಾದಿ ಎಲ್ಲಾ ಮಾಳಗಿ ಮ್ಯಾಲ ನಿಮ್ಮ ಪ್ಲೇಟಿನ ಬುಡಕ ಒಟ್ಟೀವಿ. ನೆರಳ ಛಲೋ ಅದ ನೋಡ್ರಿ. ಏನೂ ಆಗಂಗಿಲ್ಲಲ್ರಿ?" ವಿದ್ಯಾವತಿ "ಇಲ್ರಿ, ಏನೂ ಆಗಂಗಿಲ್ಲ" ಎಂದಳು. ಎಂದ ಮೇಲೆ, ಆ ಗಾದಿಗಳು ಯಾವ ಮೂಲೆಯಲ್ಲಿ ಇರಬಹುದು ಎಂದು ಯೋಚಿಸಿದಳು. ಪ್ಲೇಟಿನ ಕೆಳಗೆ ನಿಜವಾದ ನೆರಳಿರುವುದು ಪಡುವಣ ಮೂಲೆಯಲ್ಲಿ. ಅಲ್ಲೇ ತಂತಿ ಒಂದು ಮೊಳ ಕಡಿಮೆ ಬಿದ್ದದ್ದು. ಅಲ್ಲೇ ಅವಳು ಕುಕ್ಕರಗಾಲಲ್ಲಿ ಕೂತು ಬೇರೆ ತುಂಡು ಸೇರಿಸಿದ್ದು. ಗಾದಿ ಎಂದರೆ ಹತ್ತಿ. ಹತ್ತಿಯ ಗಾದಿಗೆ ಬೆಂಕಿ ತಗುಲಿದರೆ ಉರಿ ಕಾಣುವುದಿಲ್ಲ, ಒಳಗೊಳಗೇ ಹೊಗೆಯಾಡುತ್ತ ಇಡೀ ದಿನ ಬೇಯುತ್ತದೆ.

ತಿರುಗಿ ಫೋನು ಮಾಡಬಹುದಿತ್ತು. ಗಾದಿ ತೆಗೆಯಿರಿ ಎಂದರೆ ಯಾಕೆ ಎನ್ನುತ್ತಾರೆ. ಸೋಲಾರ್ ಡಬ್ಬಿಯ ಸ್ವಿಚ್ಚು ಆರಿಸಿ ಎಂದರೂ ಯಾಕೆ ಎನ್ನುತ್ತಾರೆ. ನಾನು ಅಲ್ಲೊಂದು ಜಾಯಿಂಟು ಮಾಡಿದ್ದೇನೆ, ಒತ್ತಿದೆನೋ ಇಲ್ಲವೋ ಗೊತ್ತಿಲ್ಲ ಎಂದು ಹೇಳಬೇಕಾಗುತ್ತದೆ. ಗೊತ್ತಿಲ್ಲ ಅಂದರೇನು, ಮಾಡಿದವಳು ನೀನಲ್ಲವೇ ಎನ್ನುತ್ತಾರೆ. ಆದರೂ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದಳು. ಕುಬಸದ ಮನೆಯಲ್ಲಿ ಫೋನು ಯಾವ ಸೀರೆಯ ಗಂಟಿನ ಕೆಳಗೆ ಬಿದ್ದಿದೆಯೋ.

ಒಲೆಯ ಮುಂದೆ ಅತ್ತೆ ಕೇಶರಬಾಯಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ಅಂಗೈ, ಹಿಟ್ಟು, ಅಂಗೈ, ಹಿಟ್ಟು. ಸೊಸೆ ಚೀಲಕ್ಕೆ ಕ್ರಿಂಪರು, ಕೊಳವೆಗಳು, ಕರಿ ಸ್ಲೀವು, ಬಿಸಿಗಾಳಿಯ ಗನ್ನು ಹಾಕಿಕೊಳ್ಳುವುದನ್ನು ಕಂಡು ಕೈ ನಿಲ್ಲಿಸದೆ ಕೇಳಿದಳು. "ಎಲ್ಲಿಗಿ?"

"ಕಲ್ಯಾಣಕ್ಕ. ಪಾರ್ವತಿಬಾಯಿಯವರ ಮನಿಗಿ."

"ಅವರ ಮನ್ಯಾಗ ಕುಬಸ ಅಂದಂಗಾತಲ್ಲ, ಫೋನಿನ್ಯಾಗ?"

"ಹೌದು."

ಅಂಗೈ, ಹಿಟ್ಟು. "ಕುಬಸದ ಮನಿಗಿ ನೀ ಯಾಕ ಹೋಗ್ತಿ ತಂಗಿ. ನಾಳಿ ಹೋಗು." ಅದರಲ್ಲಿ ಸಿಟ್ಟಿರಲಿಲ್ಲ. ಕೇಶರಬಾಯಿ ಯಾವತ್ತೂ ಸಿಟ್ಟಿನಲ್ಲಿ ಮಾತಾಡಿದವಳಲ್ಲ. ಇಪ್ಪತ್ತರ ಹರೆಯದಲ್ಲೇ ತಾನೂ ಗಂಡನನ್ನು ಕಳೆದುಕೊಂಡವಳು, ಎಲ್ಲಿ ಹೋಗಬೇಕು ಎಲ್ಲಿ ಹೋಗಬಾರದು ಎಂಬುದು ಅವಳಿಗೆ ಮಳೆ ಬಿಸಿಲಿನಷ್ಟೇ ಸಹಜ. ಆ ಮೆತ್ತನೆಯ ದನಿ ಕೇಳಿದೊಡನೆ ವಿದ್ಯಾವತಿಯ ಕೈ ಚೀಲದ ಮೇಲೆ ಸುಮ್ಮನೆ ನಿಂತಿತು. ಯಾಕೆ ನಿಂತಿತು ಎಂದು ಅವಳಿಗೆ ತಿಳಿಯಲಿಲ್ಲ. ಬಿಚ್ಚಿದ ಜಿಪ್ಪನ್ನು ಎಳೆಯದೆ ಚೀಲ ಹೆಗಲಿಗೇರಿಸಿ ಹೊರಬಿದ್ದಳು.

ಕಲ್ಯಾಣದ ಬಸ್ಸು ಹಿಡಿಯಲು ಹುಮನಾಬಾದಿಗೆ ಬರಬೇಕು, ಅಲ್ಲಿಯ ಬಸ್ ನಿಲ್ದಾಣದ ಎದುರಿಗೇ ಅವರ ಸೋಲಾರ್ ಅಂಗಡಿ. ಅದನ್ನು ಶುರು ಮಾಡಿದ್ದು ಅವಳ ಗಂಡ ಬಸವಕುಮಾರ ಮತ್ತು ಅವನ ಗೆಳೆಯ ಜಹೀರುದ್ದೀನ್. ಸಬ್ಸಿಡಿ ಬಂದ ಮೇಲೆ ಮನೆಮನೆಯವರೂ ಪ್ಲೇಟು ಕೇಳತೊಡಗಿ ಕೆಲಸ ಕೈಗೆ ಹತ್ತಿದ ವರ್ಷವೇ ಬಸವಕುಮಾರ ಹೋದ. ಆಮೇಲೆ ಜಹೀರುದ್ದೀನ್ ಮನೆಗೆ ಬಂದು, ನೆಲ ನೋಡುತ್ತ, ಭಾಬಿ, ನೀವು ಫಿಸಿಕ್ಸ್ ಓದಿದವರು, ಬಂದು ಕುಂಡರ್ರಿ ಎಂದಿದ್ದ. ಕುಂತಳು. ಕುಂತವಳು ಎದ್ದು ಮಾಳಿಗೆಗಳನ್ನು ಹತ್ತಿದಳು. ಮಾಳಿಗೆಯ ಮೇಲೆ ಯಾರೂ ಮಾತಾಡಿಸುವುದಿಲ್ಲ, ಅದು ಅವಳಿಗೆ ಬೇಕಿತ್ತು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಅವಳು ಎಲ್ಲಿಯೂ ಇರುತ್ತಿರಲಿಲ್ಲ. ಸಂಜೆ ಇಳಿದು ಬಂದಾಗ ಮೇಲೆ ಏನೇನು ಮಾಡಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕೆಲಸ ಮಾತ್ರ ಸರಿಯಾಗಿರುತ್ತಿತ್ತು. ಇರುತ್ತಿತ್ತು ಎಂದು ಅವಳು ಅಂದುಕೊಂಡಿದ್ದಳು. ಈಗ ಆ ಒಂದು ಜಾಯಿಂಟಿನಿಂದ ಹಿಡಿದ ಅನುಮಾನ ಹಿಂದಕ್ಕೆ ಹಬ್ಬುತ್ತ ಘಾಟಬೋರಾಳದ ಮಾಳಿಗೆಗೆ, ಅದರ ಹಿಂದಿನ ಮಾಳಿಗೆಗೆ, ಕೈ ಇಟ್ಟ ಎಲ್ಲ ತಂತಿಗೂ ಹೋಗುತ್ತಿತ್ತು.

ಕಾಣದಂತೆ ಬಸ್ಸು ಹತ್ತಿಬಿಡೋಣವೆಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಹೋಗುತ್ತಿದ್ದಳು. ಜಹೀರುದ್ದೀನ್ ಅಂಗಡಿಯ ಮೆಟ್ಟಿಲ ಮೇಲೆಯೇ ಚಹಾದ ಗ್ಲಾಸು ಹಿಡಿದು ನಿಂತಿದ್ದ.

"ಅರೆ ಭಾಬಿ, ಕೊಡಂಬಲ ಊರಾಗ ಅಳತಿ ತಗೋಬೇಕಂದ್ರ ನೀವು ಕಲ್ಯಾಣದ ಬಸ್ಸಿನ ಕಡಿ ಹೊಂಟೀರಿ?"

"ಪಾರ್ವತಿಬಾಯಿಯವರ ಮನ್ಯಾಗ ಒಂದ್ ಸಲ ನೋಡಿ ಬರತೀನಿ. ಸುಮ್ಮ."

"ಸುಮ್ಮ ಯಾರರೆ ಈ ಬಿಸಲಾಗ ಕಲ್ಯಾಣಕ್ಕ ಹೋಗ್ತಾರೇನ್ರಿ? ಮನಿ ಯಜಮಾನ ಮಹಾರುದ್ರಪ್ಪ ಸಾವ್ಕಾರ ನನಗೂ ಕರದಾನ. ಕುಬಸದ ಹೋಳಿಗಿ ಖುಷ್ಬೂ ಇಲ್ಲೀತನಕ ಬಂತೇನು ನಿಮಗ?" ಎಂದು ನಕ್ಕ. ನಕ್ಕ ಬಾಯಿ ಮುಚ್ಚುವ ಮೊದಲೇ ಅವನಿಗೆ ಹೊಳೆಯಿತು. ಗ್ಲಾಸಿನೊಳಗೆ ನೋಡಿದ. "ಮಾಫ್ ಮಾಡ್ರಿ" ಎಂದ. ಅವನು ಚೇಷ್ಟೆ ಮಾಡಿದ್ದಕ್ಕಿಂತ ಮಾಫಿ ಕೇಳಿದ್ದು ಅವಳಿಗೆ ಚುಚ್ಚಿತು. "ಏನರೆ ತಕಲೀಫ ಅದ ಏನು ಅಲ್ಲಿ?" ಎಂದು ಅವನು ಕೇಳಿದಾಗ ಹೇಳಿಬಿಡಬಹುದಿತ್ತು. ಗಾಡಿ ತೆಗೆದು ಇಬ್ಬರೂ ಹೋಗಬಹುದಿತ್ತು. "ಇಲ್ಲ" ಎಂದಳು. ಬೆಳಗಿನಿಂದ ಇದು ಎರಡನೆಯ ಇಲ್ಲ.

ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕೇಳಿದ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಅದೊಂದು ತೋರಿಸಬೇಕು. ಆಧಾರಿನ ಫೋಟೋದಲ್ಲಿ ಅವಳ ಹಣೆಯ ತುಂಬ ಕುಂಕುಮ ಇತ್ತು, ಕೊರಳಲ್ಲಿ ತಾಳಿ ಎದ್ದು ಕಾಣುತ್ತಿತ್ತು. ಕಂಡಕ್ಟರು ಫೋಟೋ ನೋಡಿ ಅವಳ ಹಣೆ ನೋಡಿದ. ವಿಭೂತಿಯ ಸಣ್ಣ ಗೆರೆ. ಮತ್ತೆ ಫೋಟೋ ನೋಡಿದ. "ಇದು ನಿಮ್ಮದೇ ಏನ್ರಿ?" ಎಂದು ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಬೇರೆಯವರ ಕಾರ್ಡು ತರುವವರೂ ಇರುತ್ತಾರೆ. "ನಂದೇ ಅದ" ಎಂದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಾರ್ಡಿನೊಳಗೆ ಇಣುಕಿ ಚ್ಚು ಎಂದು ನಾಲಗೆ ಸದ್ದು ಮಾಡಿ ಕಿಟಕಿಯ ಕಡೆ ತಿರುಗಿದಳು.

ಸಡಿಲ ಜಾಗದಲ್ಲಿ ವಿದ್ಯುತ್ತು ತಡವರಿಸುತ್ತದೆ. ತಡವರಿಸಿದಲ್ಲಿ ಬಿಸಿಯೇರಿ ಕಾಯುತ್ತದೆ. ಕಾದಷ್ಟೂ ತಾಮ್ರ ಇನ್ನಷ್ಟು ಸಡಿಲವಾಗುತ್ತದೆ. ಕಲಬುರಗಿಯಲ್ಲಿ ಎಂ.ಎಸ್ಸಿ. ಪರೀಕ್ಷೆಗೆ ಇದನ್ನು ಸೂತ್ರ ಬರೆದು, ಕೆಳಗೆ ಎರಡು ಗೆರೆ ಎಳೆದು, ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಬಸವಕುಮಾರ ಡಿಪ್ಲೊಮಾ ಓದಿದವನು, ಆ ಸೂತ್ರ ಕೇಳಿ, ಇಷ್ಟ ಉದ್ದ ಯಾಕ, ಜಗ್ಗಿ ನೋಡಿದ್ರ ಆತು ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಅಂಗಳದಲ್ಲಿ ಕೂತು ಜಾಯಿಂಟು ಮಾಡುವುದನ್ನು ಕಲಿಸಿದವನು ಅವನೇ. ಕೊಳವೆಯ ಎರಡೂ ಪಕ್ಕ ಒತ್ತಿದ ಮೇಲೆ ಒಂದು ತುದಿ ಅವನು ಹಿಡಿಯುತ್ತಿದ್ದ, ಇನ್ನೊಂದು ಅವಳು. "ಜಗ್ಗು. ಹಂಗಲ್ಲ, ಜೀವ ಹಾಕಿ ಜಗ್ಗು." ಒಮ್ಮೆ ಬೇಕೆಂದೇ ಅವನು ತುದಿ ಬಿಟ್ಟುಬಿಟ್ಟ, ಅವಳು ಹಿಂದಕ್ಕೆ ಕೊಟ್ಟಿಗೆಯ ಗೋಡೆಗೆ ಹೋಗಿ ಬಿದ್ದಳು, ರೊಟ್ಟಿ ಬಡಿಯುತ್ತಿದ್ದ ಕೇಶರಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಪಾರ್ವತಿಬಾಯಿಯ ಮಾಳಿಗೆಯಲ್ಲಿ ಜಗ್ಗಿ ನೋಡಿದ್ದೇನೆಯೇ? ಅದೂ ನೆನಪಿಲ್ಲ. ಬಸ್ಸು ಹೊಲಗಳ ನಡುವೆ ಓಡುತ್ತಿತ್ತು. ಸಸ್ತಾಪುರ ಬಂಗ್ಲಾದಲ್ಲಿ ಕಲ್ಯಾಣದ ದಾರಿಗೆ ಹೊರಳಿದಾಗ ದೂರದಲ್ಲಿ ಹೊಗೆ ಎದ್ದಿತ್ತು. ಸೀಟಿನಿಂದ ಅರ್ಧ ಎದ್ದು ನೋಡಿದಳು. ಹತ್ತಿರ ಹೋದಂತೆ ಅದು ಕಬ್ಬಿನ ಗದ್ದೆಯೆಂದು ತಿಳಿಯಿತು, ಕಟಾವಾದ ಮೇಲೆ ಉಳಿದ ಒಣಗರಿ, ರವದಿ, ಯಾರೋ ಸುಡುತ್ತಿದ್ದರು. ಬಿಸಿಲು ನೆತ್ತಿಯ ಕಡೆ ಏರುತ್ತಿತ್ತು. ಬಿಸಿಲು ಏರಿದಂತೆ ಆ ತಂತಿಯಲ್ಲಿ ಹರಿಯುವುದೂ ಏರುತ್ತದೆ. ಇಡೀ ಊರಿಗೆ ಮಧ್ಯಾಹ್ನವಾಗುವುದನ್ನು ಅವಳೊಬ್ಬಳೇ ತಡೆಯಬೇಕು ಎಂಬಂತೆ ಮುಂದಿನ ಸೀಟಿನ ಕಂಬಿಯನ್ನು ಬಿಗಿಹಿಡಿದಿದ್ದಳು.

ಪ್ಲೇಟು ಕೂರಿಸಿದ ಆ ದಿನವೂ ಇದೇ ಬಿಸಿಲು. ಎಲ್ಲ ಮುಗಿದಿತ್ತು, ಆ ಒಂದು ಜಾಯಿಂಟು ಉಳಿದಿತ್ತು. ಕೆಳಗಿನ ನಡುಮನೆಯಲ್ಲಿ ಇನ್ವರ್ಟರಿಗೆ ಪೂಜೆ ಮಾಡಿ ಚಾಲೂ ಮಾಡುವುದೆಂದು ಪಾರ್ವತಿಬಾಯಿ ಮುತ್ತೈದೆಯರನ್ನು ಕರೆದಿದ್ದರು, ಒಳ್ಳೆಯ ಗಳಿಗೆ ಮೀರುತ್ತದೆ ಎಂದು ಆರತಿ ಹಚ್ಚಿಬಿಟ್ಟಿದ್ದರು. ಅವಳು ಕೊಳವೆಯಲ್ಲಿ ತಂತಿ ತೂರಿಸಿ ಕ್ರಿಂಪರು ಎತ್ತಿಕೊಂಡಿದ್ದಳು. ಮೆಟ್ಟಿಲ ಕೆಳಗಿನಿಂದ ಪಾರ್ವತಿಬಾಯಿಯ ದನಿ ಬಂತು. "ಬಾಯಿ, ಆರತಿ ಆಗೋತನಕ ಮ್ಯಾಲೇ ಇರ್ರಿ. ಇಳೀಬ್ಯಾಡ್ರಿ. ತಪ್ಪ ತಿಳ್ಕೋಬ್ಯಾಡ್ರಿ, ಹಳೇ ಮಂದಿ ಅದಾರ." ಅವಳು ಇಳಿಯಲು ಹೊರಟೇ ಇರಲಿಲ್ಲ. "ಆಗಲಿರಿ" ಎಂದಳು. ಆಮೇಲೆ ಕೆಳಗಿನಿಂದ ಗಂಟೆಯ ಸದ್ದು. ಕರ್ಪೂರದ ವಾಸನೆ. ಆಮೇಲೆ ಕೈಯಲ್ಲಿ ಬಿಸಿಗಾಳಿಯ ಗನ್ನು, ಕರಿ ಸ್ಲೀವು ಬಿಗಿದುಕೊಳ್ಳುತ್ತಿತ್ತು. ಕೆಳಗೆ ಜಹೀರುದ್ದೀನ್ ಸ್ವಿಚ್ಚು ಹಾಕಿದ, ಹಸಿರು ದೀಪ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಓಣಿಯ ತುಂಬ ಪೆಂಡಾಲು ಹಾಕಿದ್ದರು. ಬಾಗಿಲ ಮೇಲೆ ಬಸವಣ್ಣನ ದೊಡ್ಡ ಚಿತ್ರ, ಅದಕ್ಕೆ ಹೊಸ ಹಾರ. ಹೊಗೆಯಿಲ್ಲ. ಮೊದಲು ನೋಡಿದ್ದು ಅದನ್ನೇ. ಬಾಗಿಲಲ್ಲಿ ನಿಂತಿದ್ದ ಮಹಾರುದ್ರಪ್ಪ ದೂರದಿಂದಲೇ ಕೈಯೆತ್ತಿ ಕರೆದರು. "ಬರ್ರಿ ಬರ್ರಿ ಇಂಜಿನಿಯರ್ ಬಾಯಿ! ನಿಮ್ಮ ಪ್ಲೇಟು ಒಂದ್ ಹಬ್ಬ ಮಾಡ್ಯಾವ ನೋಡ್ರಿ, ಈ ಓಣ್ಯಾಗ ಎಲ್ಲಾರೂ ನನ್ನ ಮಾಳಗೀನ ನೋಡಾಕತ್ತಾರ." ಪಕ್ಕದವರಿಗೆ ಪರಿಚಯ ಮಾಡಿಸಿದರು. ಅಷ್ಟರಲ್ಲಿ ಪಾರ್ವತಿಬಾಯಿ ಒಳಗಿನಿಂದ ಬೇಗಬೇಗ ಬಂದು, ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು. ಹಿಡಿದ ಕೈಯಲ್ಲಿ ಪ್ರೀತಿಯಿತ್ತು. ಅದೇ ಕೈ ಅವಳನ್ನು ಬಾಗಿಲಿನಿಂದ ದೂರ ಒಯ್ಯುತ್ತಲೂ ಇತ್ತು.

"ಯಾಕ ಬಂದ್ರಿ? ಏನರೆ ಆಗ್ಯದೇನು?"

"ಇಲ್ರಿ. ಸುಮ್ಮ ಚೆಕ್ ಮಾಡಾಕ. ಒಂದ್ ಸಲ ಮ್ಯಾಲ ಹೋಗಿ ಬರತೀನಿ."

"ಈಗ ಹ್ಯಾಂಗ್ರಿ? ಉಡಿ ತುಂಬಾಕತ್ತಾರ. ಹುಡಗೀನ ಮೆಟ್ಟಿಲದ ಎದುರಿಗೇ ಕುಂಡ್ರಿಸೀವಿ. ನೀವು ಅಕೀ ಮುಂದ ಹಾಯ್ದು..." ಅವರು ಪೂರ್ತಿ ಮಾಡಲಿಲ್ಲ. "ಚೊಚ್ಚಲ ರೀ. ಹಿಂದ ಒಮ್ಮೆ ಬಸರು ನಿಂತು ಇಳದು ಹೋಗ್ಯದ. ಅಕೀಗೂ ಅಂಜಿಕಿ. ಸ್ವಲ್ಪ ಹೊತ್ತ ಕುಂಡರ್ರಿ, ಊಟಾ ಮಾಡಿ ಆಮ್ಯಾಲ ನೋಡೀರಂತ."

ಬಾಗಿಲ ಸಂದಿನಲ್ಲಿ ಸೊಸೆ ಸೋನಾಲಿ ಕಾಣುತ್ತಿದ್ದಳು. ಹಸಿರು ಸೀರೆ, ಮೊಣಕೈತನಕ ಹಸಿರು ಬಳೆ, ಮಣೆಯ ಮೇಲೆ ಬೆವರುತ್ತ ಕೂತಿದ್ದಳು. ಸರಿಯಾಗಿ ಅವಳ ತಲೆಯ ಮೇಲೆ ಮಾಳಿಗೆ. ಮಾಳಿಗೆಯ ಮೇಲೆ ಗಾದಿಗಳು. ವಿದ್ಯಾವತಿಯ ಬಾಯಿಗೆ ಬಂದದ್ದು ಬೇರೆ, ಹೇಳಿದ್ದು ಬೇರೆ. "ಆಗಲಿರಿ" ಎಂದಳು. ಹೇಳಿದ ಮೇಲೆ ಆ ಮಾತು ಎಲ್ಲಿಯದೆಂದು ಗುರುತು ಸಿಕ್ಕಿತು. ಅದೇ ಮಾತು. ಮೆಟ್ಟಿಲ ಮೇಲಿನಿಂದ ಆ ದಿನ ಆಡಿದ್ದು.

ಮನೆಯ ಹಿಂದೆ, ಬಾಂಡೆ ತಿಕ್ಕುವ ಕಡೆ, ಬೇವಿನ ನೆರಳಿನಲ್ಲಿ ಕೂತಳು. ಅಲ್ಲಿ ಗಯಾಬಾಯಿ ಎಂಬ ಮುದುಕಿ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ತಿಕ್ಕುತ್ತಿದ್ದಳು. ತಲೆ ಹೊರಗೆ ತೆಗೆದು ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀನೂ ಬಾಂಡೆಕ್ಕೇ ಬಂದೀ ಏನವ್ವಾ? ಹಂಗಿದ್ರ ಆ ಪರಾತ ನಿನ್ನ ಕಡಿ ತಗೋ. ನನ್ನ ನಡಾ ಬಿದ್ದು ಹೋಗ್ಯದ."

"ಅಲ್ಲಬೇ, ನಾ ಮ್ಯಾಲಿನ ಪ್ಲೇಟಿನಾಕಿ."

"ಪ್ಲೇಟು ತಿಕ್ಕಾಕೇನು?" ಎಂದಳು ಗಯಾಬಾಯಿ. ಅದನ್ನು ಚೇಷ್ಟೆಗೆ ಹೇಳಿದಳೋ ನಿಜಕ್ಕೋ ತಿಳಿಯಲಿಲ್ಲ. "ಮತ್ತ ಒಳಗ ಹೋಗಲಾರದ ಇಲ್ಲಿ ಯಾಕ ಕುಂತಿ?" ವಿದ್ಯಾವತಿ ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿದಳು. ಮುದುಕಿ ಅವಳ ಹಣೆ ನೋಡಿ, ತನ್ನ ಬೋಳು ಹಣೆಯನ್ನು ತೋಳಿನಿಂದ ಒರೆಸಿಕೊಂಡು, "ಹಾಂ" ಎಂದಳು. ಮತ್ತೆ ಪಾತ್ರೆಯೊಳಗೆ ಇಳಿದಳು. ಒಳಗಿನಿಂದ ಗುಂಯ್‌ಗುಡುವ ದನಿ ಬಂತು. "ಊಟಕ್ಕ ಮಾತ್ರ ಒಳಗ ಕರೀತಾರ ತಗೋ. ಹೋಳಿಗಿ ಛಲೋ ಆಗ್ಯಾವ."

ಹಿಂಗೋಡೆಗೆ ಒರಗಿಸಿದ ಕಬ್ಬಿಣದ ನಿಚ್ಚಣಿಕೆಯಿತ್ತು. ನೀರಿನ ಟಾಕಿ ತೊಳೆಯುವವರು ಹತ್ತುವುದು. ಮೊದಲ ದಿನ ಪ್ಲೇಟುಗಳನ್ನು ಏರಿಸಿದ್ದೂ ಅದರಿಂದಲೇ. ಅವಳು ಅದನ್ನು ನೋಡುತ್ತಲೇ ಕೂತಿದ್ದಳು. ಪ್ಲೇಟಿನ ಅಂಚು ಮೇಲೆ ಹೊಳೆಯುತ್ತಿತ್ತು. ಬೇವಿನ ನೆರಳು ಕಾಲಿನಿಂದ ಸರಿದು ಬೆರಳುಗಳು ಬಿಸಿಲಿಗೆ ಬಿದ್ದವು. ಕುಂತಿರು ಎಂದರು, ಕುಂತೆ. ಏನಾದರೂ ಆದರೆ ಅವರೇ ಕುಂತಿರು ಅಂದಿದ್ದರು ಎಂದು ಹೇಳಬಹುದು. ಅಂಥದೊಂದು ಮಾತು ತನ್ನೊಳಗೆ ಸಿದ್ಧವಾಗಿರುವುದನ್ನು ಕಂಡು ಅವಳಿಗೆ ಹೇಸಿಕೆಯಾಯಿತು. ಎದ್ದಳು. ಚೀಲವನ್ನು ಬೆನ್ನಿಗೆ ಹಾಕಿ ಸೆರಗನ್ನು ನಡುವಿಗೆ ಸಿಕ್ಕಿಸಿದಳು. ಕಬ್ಬಿಣ ಕಾದು ಅಂಗೈ ಸುಡುತ್ತಿತ್ತು.

"ಬಿದ್ದರ ನಾ ಹಿಡಿಯಾಕಿಲ್ಲ ಮತ್ತ," ಎಂದಳು ಗಯಾಬಾಯಿ.

ಗಾದಿಗಳು ಪಡುವಣ ಮೂಲೆಯಲ್ಲೇ ಇದ್ದವು. ಆಳೆತ್ತರ ಒಟ್ಟಿದ್ದರು, ಮೇಲೆ ಕೌದಿಗಳು ಬೇರೆ. ತಂತಿ ಹಾಯುವ ಪೈಪು ಅವುಗಳ ಹಿಂದೆ ಮುಚ್ಚಿಹೋಗಿತ್ತು. ಅವಳು ಒಂದೊಂದೇ ಎಳೆದಳು. ಹಳೆಯ ಹತ್ತಿ, ಹೆಣದಂತೆ ಭಾರ. ಕೆಳಗಿನಿಂದ ಹಾಡು ಬರುತ್ತಿತ್ತು, ಹೆಂಗಸರು ನಗುತ್ತಿದ್ದರು, ಯಾರೋ ಸೋನಾಲಿಗೆ ಗಂಡನ ಹೆಸರು ಹೇಳು ಎಂದು ಕಾಡುತ್ತಿದ್ದರು. ಕೊನೆಯ ಗಾದಿ ಸರಿದಾಗ ಜಾಯಿಂಟು ಕಂಡಿತು. ಕರ್ರಗೆ, ಮಿರಿಮಿರಿ, ಹೊರಗಿನಿಂದ ಏನೂ ಆಗದಂತೆ. ಕೈಯ ಹಿಂಭಾಗವನ್ನು ಅದಕ್ಕೆ ತಾಗಿಸಿದಳು. ಬಿಸಿ. ಪಕ್ಕದ ತಂತಿಗೆ ತಾಗಿಸಿದಳು. ಅದೂ ಬಿಸಿ. ಈ ಬಿಸಿಲಲ್ಲಿ ಯಾವುದು ಬಿಸಿಯಲ್ಲ? ಮತ್ತೆ ಅದನ್ನು, ಮತ್ತೆ ಇದನ್ನು ಮುಟ್ಟಿದಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ತನ್ನ ಹಣೆ ಮುಟ್ಟಿಕೊಳ್ಳುವವರಂತೆ. ಹೆಚ್ಚು ಬಿಸಿಯಿದೆ ಅನಿಸಿತು. ಇಲ್ಲ ಅನಿಸಿತು.

ಮೆಟ್ಟಿಲ ತಲೆಯ ಮೇಲಿದ್ದ ಡಬ್ಬಿಯ ಸ್ವಿಚ್ಚು ಆರಿಸಿದಳು. ಬಿಸಿಲಿರುವವರೆಗೆ ಪ್ಲೇಟಿಗೆ ನಿದ್ದೆಯಿಲ್ಲ, ಆರಿಸಿದರೂ ಅದು ತನ್ನ ಕೆಲಸ ಬಿಡುವುದಿಲ್ಲ. ಅದಕ್ಕೇ ಮೊದಲು ಹರಿಯುವುದನ್ನು ನಿಲ್ಲಿಸಿ, ಆಮೇಲೆ ಪ್ಲೇಟಿನ ಬಳಿಯ ಕನೆಕ್ಟರುಗಳನ್ನು ಬಿಚ್ಚಿದಳು. ಮೀಟರು ಇಟ್ಟು ನೋಡಿದಳು. ತಂತಿ ಸತ್ತಿತ್ತು. ಬ್ಲೇಡು ತೆಗೆದು ಸ್ಲೀವಿನ ಉದ್ದಕ್ಕೆ ಸೀಳಿದಳು. ಕೈ ನಡುಗುತ್ತಿರಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದಿತು, ಈ ಕೈಗೆ ತನ್ನ ಸಂಗಡ ಏನೂ ಸಂಬಂಧವಿಲ್ಲವೇನೋ ಎಂಬಂತೆ. ಸೀಳಿದ ಸ್ಲೀವು ಎರಡು ಕಡೆ ಬಿಚ್ಚಿಕೊಂಡಿತು.

ಕೊಳವೆಯ ಎಡಪಕ್ಕ ಒತ್ತಿದ ಗುರುತು ಇತ್ತು. ಆಳವಾಗಿ, ಸರಿಯಾದ ಜಾಗದಲ್ಲಿ, ಬಸವಕುಮಾರ ಕಲಿಸಿದ ಹಾಗೆಯೇ. ಅವಳಿಗೆ ಒಮ್ಮೆಲೆ ಉಸಿರು ಬಂತು. ಒತ್ತಿದ್ದೇನೆ. ಆಮೇಲೆ ಬೆರಳು ಬಲಪಕ್ಕಕ್ಕೆ ಹೋಯಿತು. ಬಲಪಕ್ಕ ನುಣ್ಣಗಿತ್ತು. ಅಂಗಡಿಯಿಂದ ತಂದಾಗ ಇದ್ದಷ್ಟೇ ನುಣುಪು, ಉರುಟು. ತಂತಿಯ ತುದಿ ಕಂದಿ ಕಪ್ಪಾಗಿತ್ತು, ಸ್ಲೀವಿನ ಒಳಮೈ ಅಲ್ಲಿ ಕಂದು ತಿರುಗಿತ್ತು. ಎರಡು ಬೆರಳಿನಿಂದ ಹಿಡಿದಳು. ಜಗ್ಗಲಿಲ್ಲ, ಹಿಡಿದಳಷ್ಟೆ. ತಂತಿ ತಾನಾಗಿ ಹೊರಬಂತು.

ಬಸವಕುಮಾರ ಎದೆ ಹಿಡಿದು ಬಿದ್ದ ದಿನ, ಹುಡಗಿಯಿಂದ ಹುಮನಾಬಾದಿನ ಆಸ್ಪತ್ರೆಗೆ ಹೋಗುವ ದಾರಿ. ಓಣಿಯವರ ಟಂಟಂ ಆಟೋ. ಬಸವಕುಮಾರನ ತಲೆ ಕೇಶರಬಾಯಿಯ ತೊಡೆಯ ಮೇಲೆ, ಅಂಗಿಯ ಗುಂಡಿ ಒಂದು ಕಿತ್ತು ಹೋಗಿತ್ತು. ಎದೆ ಒತ್ತಬೇಕೆಂದು ಅವಳಿಗೆ ಗೊತ್ತಿತ್ತು, ಯೂನಿವರ್ಸಿಟಿಯಲ್ಲಿ ಒಮ್ಮೆ ಗೊಂಬೆಯ ಮೇಲೆ ಮಾಡಿ ತೋರಿಸಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು, ದಾರಿಯಲ್ಲಿ ಎದೆ ಒತ್ತಿದಿರಾ ಎಂದು ಕೇಳಿದಾಗ ಅವಳಿಗೆ ಉತ್ತರ ಗೊತ್ತಿರಲಿಲ್ಲ. ಒತ್ತಿದ್ಲರಿ, ಒತ್ತಿದ್ಲು ಎಂದು ಯಾರೋ ಹೇಳಿದರು. ಒತ್ತಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಎಲ್ಲರಿಗೂ ಹಾಗೇ ಹೇಳುತ್ತಾರೆ. ಅಂದಿನಿಂದ ಅವಳ ಹತ್ತಿರ ಇದ್ದದ್ದು ಒಂದು ಖಾಲಿ ಜಾಗ: ಒತ್ತಿದೆನೋ ಇಲ್ಲವೋ. ಈಗ ಬಿಸಿಲಲ್ಲಿ, ಕೈಯಲ್ಲಿ ಅರ್ಧ ಒತ್ತಿದ ಕೊಳವೆ ಹಿಡಿದು ಕೂತಾಗ, ಆ ಜಾಗದಲ್ಲಿ ಏನಿತ್ತೆಂದು ಕಂಡಿತು. ಒತ್ತಿದ್ದಳು. ಅಂಗೈಯ ಕೆಳಗೆ ಅವನ ಎದೆಯ ಎಲುಬು ತಗ್ಗುತ್ತಿತ್ತು, ಏಳುತ್ತಿತ್ತು. ಆಗ ಒಂದು ಮೆತ್ತನೆಯ ದನಿ ಬಂತು. "ಸಾಕ ಬಿಡ ತಂಗಿ. ಯಾಕ ಅಂವಗ ತ್ರಾಸ ಕೊಡತಿ." ಅವಳ ಕೈಗಳು ಎದ್ದುಬಿಟ್ಟವು. ಹುಮನಾಬಾದು ಇನ್ನೂ ಬಂದಿರಲಿಲ್ಲ. ಯಾರೂ ಅವಳ ಕೈ ಹಿಡಿದು ಎಳೆದಿರಲಿಲ್ಲ. ಅತ್ತೆ ಬಿಡು ಎಂದಳು, ಅವಳು ಬಿಟ್ಟಳು. ತಡೀರಿ ಎನ್ನಬಹುದಿತ್ತು. ಎಷ್ಟು ಚಿಕ್ಕ ಮಾತು. ಆಮೇಲೆ ದಿನಾ ಅದೇ ದನಿ ರೊಟ್ಟಿ ಹಾಕಿ ಉಣ್ಣು ಎನ್ನುತ್ತಿತ್ತು, ಅವಳು ಉಣ್ಣುತ್ತಿದ್ದಳು.

ಕಪ್ಪಾದ ತುದಿಯನ್ನು ಕತ್ತರಿಸಬೇಕಿತ್ತು. ಕತ್ತರಿಸಿದರೆ ತಂತಿ ಕಡಿಮೆ ಬೀಳುತ್ತದೆ ಎಂದುಕೊಂಡು ಪೈಪಿನ ಬಾಯಿಯಲ್ಲಿ ನೋಡಿದಳು. ಅಲ್ಲಿ ಒಂದು ಸುತ್ತು ತಂತಿ ಮಡಚಿಟ್ಟಿತ್ತು. ನಾಳೆ ಯಾರಾದರೂ ಬಿಚ್ಚಬೇಕಾದರೆ ಅವರಿಗೆ ತಂತಿ ಬೇಕಲ್ಲ ಎಂದು ಬಸವಕುಮಾರ ಯಾವಾಗಲೂ ಬಿಡಿಸುತ್ತಿದ್ದ ಸುತ್ತು. ಅದನ್ನು ಬಿಟ್ಟದ್ದೂ ಅವಳಿಗೆ ನೆನಪಿರಲಿಲ್ಲ. ಎರಡೂ ತುದಿ ಕತ್ತರಿಸಿದಳು. ಹೊಸ ಸ್ಲೀವು ಪೋಣಿಸಿದಳು. ಸುಲಿದ ತಂತಿಯ ಎಳೆಗಳನ್ನು ಬೆರಳಲ್ಲಿ ಹೊಸೆದಳು, ಒಂದು ಎಳೆಯೂ ಹೊರಗುಳಿಯದಂತೆ ಹೊಸ ಕೊಳವೆಗೆ ತೂರಿಸಿದಳು. ಕ್ರಿಂಪರು ಹಿಡಿದು ಎಡಪಕ್ಕ ಒತ್ತಿದಳು. ಅದರ ಹಲ್ಲುಗಳು ಕಟಕಟ ಎನ್ನುತ್ತ ಕೂಡಿಕೊಂಡವು, ಪೂರ್ತಿ ಮುಚ್ಚಿದ ಮೇಲೆ ಅದು ತಾನಾಗಿ ಬಾಯಿ ಬಿಟ್ಟಿತು. ನೋಡಿದಳು. ಗುರುತು ಇತ್ತು.

"ಬಾಯೀ!" ಮೆಟ್ಟಿಲ ಕೆಳಗಿನಿಂದ ದನಿ. "ಯವ್ವಾ, ಮ್ಯಾಲ ಹ್ಯಾಂಗ ಹೋದ್ರಿ? ಆರತಿ ಆತು. ಇಳದು ಬರ್ರಿ, ಎಲೀ ಹಾಕ್ಯಾರ."

ಅವಳ ಕೈ ನಿಂತಿತು. ಕ್ರಿಂಪರಿನ ಬಾಯಿ ತೆರೆದೇ ಇತ್ತು. ಕೊಳವೆಯ ಬಲಪಕ್ಕ ನುಣ್ಣಗೆ ಹೊಳೆಯುತ್ತಿತ್ತು. ಆಗಲಿರಿ ಎಂಬ ಮಾತು ಗಂಟಲತನಕ ಬಂದು ನಿಂತಿತ್ತು, ಯಾವಾಗಲೂ ಸಿದ್ಧವಾಗಿರುವ ಮಾತು, ನಾಲಗೆಗೆ ಕಷ್ಟವಿಲ್ಲದ್ದು.

"ಕೇಳಾಕತ್ತದೇನ್ರಿ? ಮಂದಿ ಕಾಯಾಕತ್ತಾರ, ಬರ್ರಿ ಲಗೂನ!"

"ತಡೀರಿ," ಎಂದಳು ವಿದ್ಯಾವತಿ.

ಅದು ಎಷ್ಟು ಜೋರಾಗಿ ಬಂತೆಂದರೆ ಕೆಳಗಿನ ನಗು ನಿಂತಿತು. ಹಿಂದುಗಡೆ ಪಾತ್ರೆ ತಿಕ್ಕುವ ಸದ್ದೂ ನಿಂತಿತು. ಪಾರ್ವತಿಬಾಯಿ ಏನೋ ಅಂದರು, ಯಾರೋ ಏನಾತು ಎಂದು ಕೇಳಿದರು, ಮೆಟ್ಟಿಲ ಮೇಲೆ ಬಳೆಗಳ ಸದ್ದು ಹತ್ತತೊಡಗಿತು. ಅವಳು ತಿರುಗಿ ನೋಡಲಿಲ್ಲ. ಬಲಪಕ್ಕವನ್ನು ಕ್ರಿಂಪರಿಗೆ ಕೊಟ್ಟು ಒತ್ತಿದಳು. ಒಂದು ಹಲ್ಲು, ಇನ್ನೊಂದು, ಮತ್ತೊಂದು. ಪೂರ್ತಿ ಒತ್ತುವವರೆಗೆ ಅದು ಬಿಡುವುದಿಲ್ಲ. ಬಿಟ್ಟಿತು. ತಂತಿಯ ಒಂದು ತುದಿಯನ್ನು ಪ್ಲೇಟಿನ ಕಬ್ಬಿಣದ ಕಾಲಿಗೆ ಸುತ್ತಿ, ಇನ್ನೊಂದನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಪಾದವನ್ನು ಗೋಡೆಗೆ ಕೊಟ್ಟು, ಹಿಂದಕ್ಕೆ ಮೈ ಬಿಟ್ಟು ಜಗ್ಗಿದಳು. ತಂತಿ ಬರಲಿಲ್ಲ. ಮತ್ತೆ ಜಗ್ಗಿದಳು, ಜೀವ ಹಾಕಿ. ಆ ಕಡೆ ಯಾರೋ ಹಿಡಿದುಕೊಂಡಂತೆ ಬಿಗಿಯಾಗಿತ್ತು.